ಪುಂಡುವೇಷದ ಮೋಕ್ಷಿತಾ ಹಾಡು ಕಲಿತದ್ದು

ಪ್ರವೇಶ ಪರೀಕ್ಷೆಯ ದಿನ ಮೋಕ್ಷಿತಾ ಮಾಡಿಕೊಂಡ ಎಡವಟ್ಟನ್ನು ಉಜಿರೆಯ ಆ ಕಾಲೇಜಿನಲ್ಲಿ ಈಗಲೂ ಹೊಸಬರಿಗೆ ಹೇಳಿ ನಗಿಸುತ್ತಾರೆ. ನಗುವವರು ನಗಲಿ, ಬೇಡ ಎನ್ನುವವರು ಯಾರು? ಆದರೆ ಅರ್ಧ ಕಥೆ ಕೇಳಿ ನಗುವುದು ಒಳ್ಳೆಯದಲ್ಲ.

ಕೋರ್ಸಿನ ಹೆಸರು ಸಂಗೀತ ರಂಗಭೂಮಿ ಡಿಪ್ಲೊಮಾ, ಒಂದು ವರ್ಷದ್ದು. ಹಾಡುವುದು, ಕುಣಿಯುವುದು, ಅಭಿನಯಿಸುವುದು, ಈ ಮೂರನ್ನೂ ಒಬ್ಬರೇ ಒಂದೇ ಹೊತ್ತಿಗೆ ಮಾಡಲು ಅಲ್ಲಿ ಕಲಿಸುತ್ತಾರೆ. ಕೊಕ್ಕಡದ ಮೋಕ್ಷಿತಾ ಬಿ.ಎ. ಮುಗಿಸಿ ಅಲ್ಲಿಗೆ ಅರ್ಜಿ ಹಾಕಿದಳು. ಮೂರನೇ ಕ್ಲಾಸಿನಿಂದಲೂ ಅವಳು ಯಕ್ಷಗಾನದಲ್ಲಿ ಪುಂಡುವೇಷ ಮಾಡಿಕೊಂಡು ಬಂದವಳು. ಪುಂಡುವೇಷ ಎಂದರೆ ಮೀಸೆ ಮೂಡದ ವೀರ ಹುಡುಗರ ಪಾತ್ರ. ರಂಗಕ್ಕೆ ನುಗ್ಗಿದರೆ ಹಲಗೆ ಅಲುಗಬೇಕು, ಗಿರಗಿರನೆ ಧೀಂಗಿಣ ಹಾರಿದರೆ ಮುಂದೆ ಕೂತ ಮಕ್ಕಳು ಹಿಂದಕ್ಕೆ ಸರಿಯಬೇಕು. ರಬ್ಬರ್ ಟ್ಯಾಪಿಂಗ್ ಮಾಡುವ ಅಪ್ಪ ಮಾಯಿಲಪ್ಪ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ತಾಲೂಕಿನ ಮೂಲೆ ಮೂಲೆಗೆ ಕರೆದೊಯ್ದಿದ್ದ. ಮಗಳ ಕುಣಿತ ನೋಡುವಾಗ ಆ ಮನುಷ್ಯನಿಗೆ ನಿದ್ದೆಯೂ ಬೇಡ, ಊಟವೂ ಬೇಡ.

ಪರೀಕ್ಷೆ ನಡೆಸಿದವರು ಇಬ್ಬರು: ನಿರ್ದೇಶನ ಕಲಿಸುವ ಕುಶಾಲಪ್ಪ ಸರ್, ಸ್ವರ ಕಲಿಸುವ ಲೋಲಾಕ್ಷಿ ಮೇಡಂ.

"ಒಂದು ಹಾಡು, ಅದಕ್ಕೆ ನಿನ್ನದೇ ಕುಣಿತ. ಶುರು ಮಾಡು," ಎಂದರು ಸರ್.

ಲೋಲಾಕ್ಷಿ ಮೇಡಂ ಹಾರ್ಮೋನಿಯಂ ನುಡಿಸಿದರು. ಮೋಕ್ಷಿತಾ ಚೂಡಿದಾರದ ಶಾಲನ್ನು ಸೊಂಟಕ್ಕೆ ಬಿಗಿದು ಸಿದ್ಧಳಾಗಿ ನಿಂತಳು. ಹಾರ್ಮೋನಿಯಂ ಒಂದು ಸುತ್ತು ಮುಗಿಸಿ ಮತ್ತೆ ಮೊದಲಿಗೆ ಬಂತು. ಇವಳು ನಿಂತಲ್ಲೇ ಹೆಜ್ಜೆ ಹಾಕಿದಳು. ಎರಡನೇ ಸುತ್ತು ಮುಗಿಯಿತು, ಮೂರನೆಯದೂ ಮುಗಿಯಿತು. ಅವಳು ಕಾಲು ನಿಲ್ಲಿಸದೆಯೇ ಬಹಳ ವಿನಯದಿಂದ ಕೇಳಿದಳು:

"ಸರ್, ಹಾಡುವವರು ಇನ್ನೂ ಬರ್ಲಿಲ್ವಾ?"

ತಪ್ಪು ಅವಳದಲ್ಲ. ಯಕ್ಷಗಾನದಲ್ಲಿ ಹಾಡುವುದು ಹಿಂದೆ ಕೂತ ಭಾಗವತರ ಕೆಲಸ. ವೇಷಧಾರಿ ಅದಕ್ಕೆ ಕುಣಿಯುತ್ತಾನೆ, ಹಾಡು ನಿಂತ ಮೇಲೆ ಮಾತಾಡುತ್ತಾನೆ. ಹದಿಮೂರು ವರ್ಷ ಹಾಗೆ ಬದುಕಿದವಳಿಗೆ ಹಾಡು ಎಂದರೆ ಬೆನ್ನ ಹಿಂದಿನಿಂದ ಬರುವ ಸಂಗತಿ. ಲೋಲಾಕ್ಷಿ ಮೇಡಂ ನಗು ತಡೆಯಲಾರದೆ ಹಾರ್ಮೋನಿಯಂ ಮೇಲೆ ತಲೆ ಇಟ್ಟುಬಿಟ್ಟರು. ಕುಶಾಲಪ್ಪ ಸರ್ ನಗಲಿಲ್ಲ.

"ಇಲ್ಲಿ ಭಾಗವತರು ಇಲ್ಲ. ನೀನೇ ಹಾಡ್ಬೇಕು."

"ನನಗೆ ಹಾಡ್ಲಿಕ್ಕೆ ಬರುವುದಿಲ್ಲ ಸರ್."

"ಮತ್ತೆ ಎಂತಕ್ಕೆ ಬಂದದ್ದು?"

"ಕಲೀಲಿಕ್ಕೆ."

ಆ ಒಂದು ಮಾತಿಗೆ ಸೀಟು ಸಿಕ್ಕಿತು. ಆದರೆ ಸರ್ ಒಂದು ನಿಯಮವನ್ನು ಬಿಡಿಸಿ ಹೇಳಿದರು. ಆರು ತಿಂಗಳಿಗೆ ಒಂದು ನಾಟಕ, ಅದೇ ಪರೀಕ್ಷೆ. ಹೊರಗಿನಿಂದ ಇಬ್ಬರು ಪರೀಕ್ಷಕರು ಬರುತ್ತಾರೆ. ಪ್ರತಿಯೊಬ್ಬರೂ ಒಂದು ಹಾಡನ್ನಾದರೂ ಒಂಟಿಯಾಗಿ, ಕುಣಿಯುತ್ತಾ ಹಾಡಬೇಕು. ಆಗದವರು ಅಲ್ಲಿಂದಲೇ ಊರಿಗೆ ಹೋಗಬಹುದು, ಉಳಿದ ಆರು ತಿಂಗಳು ಅವರಿಗಿಲ್ಲ.

ಹಾಡಲು ಬಾರದು ಎಂದು ಮೋಕ್ಷಿತಾ ಸುಮ್ಮನೆ ಹೇಳಿದ್ದಲ್ಲ. ಏಳನೇ ಕ್ಲಾಸಿನಲ್ಲಿ ಶಾಲಾ ವಾರ್ಷಿಕೋತ್ಸವದ ಗುಂಪು ಹಾಡಿಗೆ ಅವಳನ್ನು ಸೇರಿಸಿಕೊಂಡ ಟೀಚರ್ ಎರಡನೇ ದಿನವೇ ಹತ್ತಿರ ಕರೆದು, "ನಿನ್ನ ಸ್ವರ ಗಂಡು ಮಕ್ಕಳ ಹಾಗೆ ಉಂಟು. ನೀನು ಬಾಯಿ ಮಾತ್ರ ಆಡಿಸು, ಆಯ್ತಾ?" ಎಂದಿದ್ದರು. ಪ್ರೀತಿಯಿಂದಲೇ ಹೇಳಿದ್ದರು, ಅದೇ ಕಷ್ಟ. ಬೈದಿದ್ದರೆ ಜಗಳವಾಡಬಹುದಿತ್ತು. ಅವತ್ತಿನಿಂದ ಅವಳು ಬಾಯಿ ಆಡಿಸುತ್ತಾ ಬಂದಳು. ಪ್ರಾರ್ಥನೆಗೆ, ರಾಷ್ಟ್ರಗೀತೆಗೆ, ಗೆಳತಿಯರ ಹುಟ್ಟುಹಬ್ಬಕ್ಕೆ, ಕೊನೆಗೆ ಬಚ್ಚಲಿನಲ್ಲಿ ಒಬ್ಬಳೇ ಇದ್ದಾಗಲೂ. ರಂಗದ ಮೇಲೆ ಗುಡುಗುವ ಹುಡುಗಿ ಬಚ್ಚಲಿನಲ್ಲಿ ಹಾಡಲು ಹೆದರುತ್ತಾಳೆ ಎಂದರೆ ಯಾರಾದರೂ ನಂಬುತ್ತಾರೆಯೇ? ಅವಳು ಯಾರಿಗೂ ಹೇಳಲೂ ಇಲ್ಲ.

ಕ್ಲಾಸುಗಳು ಶುರುವಾದವು. ಸಂಗೀತ ನಾಟಕ ಕಲಿಯುವುದೆಂದರೆ ಬಣ್ಣ ಹಚ್ಚಿ ಫೋಟೊ ತೆಗೆಸಿಕೊಳ್ಳುವುದು ಎಂದು ಬಂದವರಿಗೆ ಮೊದಲ ವಾರವೇ ಜ್ವರ ಬಂತು. ಬೆಳಿಗ್ಗೆ ಆರೂವರೆಗೆ ಅಂಗಾತ ಮಲಗಿ ಹೊಟ್ಟೆಯ ಮೇಲೆ ದಪ್ಪ ಪುಸ್ತಕ ಇಟ್ಟುಕೊಂಡು ಅದು ಏರಿಳಿಯುವಂತೆ ಉಸಿರಾಡಬೇಕು. ಆಮೇಲೆ ಲೋಟದ ನೀರಿಗೆ ಸ್ಟ್ರಾ ಇಳಿಸಿ ಗುಳುಗುಳು ಮಾಡುತ್ತಾ ಸ್ವರ ಏರಿಸಬೇಕು, ತುಟಿ ಬುರ್ರೆನ್ನಿಸುತ್ತಾ ಇಳಿಸಬೇಕು. ಹದಿನೆಂಟು ಮಂದಿ ದೊಡ್ಡ ದೊಡ್ಡ ಮಕ್ಕಳು ಬಸ್ಸಿನ ಆಟ ಆಡಿದ ಹಾಗೆ. ಒಂಬತ್ತಕ್ಕೆ ತಿಂಡಿ, ಎಣ್ಣೆಯಲ್ಲಿ ಕರಿದ ಗೋಳಿಬಜೆ ನಿಷಿದ್ಧ, ಐಸ್‌ಕ್ರೀಮಿನ ಹೆಸರೆತ್ತಬಾರದು. ಹತ್ತಕ್ಕೆ ಕುಣಿತ, ಹನ್ನೆರಡಕ್ಕೆ ಮಾತು, ಮಧ್ಯಾಹ್ನ ತಾಳದ ಲೆಕ್ಕ, ಸಂಜೆ ಏಳರವರೆಗೆ ನಾಟಕದ ಅಭ್ಯಾಸ. ಕುಣಿತದ ತರಗತಿಯಲ್ಲಿ ಮೋಕ್ಷಿತಾ ರಾಣಿ. ಸ್ವರದ ತರಗತಿ ಬಂದರೆ ಕೊನೆಯ ಸಾಲಿನ ಕಂಬದ ಮರೆ. ಗುಂಪಿನಲ್ಲಿ ಹಾಡುವಾಗ ಹಳೆಯ ವಿದ್ಯೆ ಕೈಕೊಡಲಿಲ್ಲ, ಬಾಯಿ ಆಡಿಸಿದಳು. ಎರಡು ತಿಂಗಳು ಹಾಗೆಯೇ ಕಳೆದವು.

ಅಷ್ಟರಲ್ಲಿ ಮಾತಿನ ತರಗತಿಯಲ್ಲೂ ಕಷ್ಟ ಶುರುವಾಯಿತು. ಪರೀಕ್ಷೆಯ ನಾಟಕವನ್ನು ಕುಶಾಲಪ್ಪ ಸರ್ ಬರೆದಿದ್ದರು. ಬಂಟ್ವಾಳದ ಹತ್ತಿರ, ಸೇತುವೆ ಆಗುವ ಮೊದಲಿನ ಕಾಲದಲ್ಲಿ, ನೇತ್ರಾವತಿಗೆ ನೆರೆ ಬಂದ ದಿನ ಜನರನ್ನು ದೋಣಿಯಲ್ಲಿ ದಾಟಿಸಿದ ಪೂವಮ್ಮ ಎಂಬ ಹೆಂಗಸಿನ ಕಥೆ. ಗಳ ಹಿಡಿದು ದೋಣಿ ನಡೆಸುವ ಮೈಕಟ್ಟು ಇದ್ದದ್ದು ಮೋಕ್ಷಿತಾ ಒಬ್ಬಳಿಗೇ, ಹಾಗಾಗಿ ಪೂವಮ್ಮನ ಪಾತ್ರ ಅವಳಿಗೆ ಬಂತು. ಆಚೆ ದಡದಲ್ಲಿ ಮಗುವಿನೊಂದಿಗೆ ಕಾಯುವ ತಾಯಿಯಾಗಿ ವಿಟ್ಲದ ರಾಫಿಯಾ. ಮದುವೆ ಮನೆಗಳಲ್ಲಿ ಅಜ್ಜಿಯ ಜೊತೆ ಬ್ಯಾರಿ ಭಾಷೆಯ ಹಾಡು ಹಾಡುತ್ತಾ ಬೆಳೆದ ಆ ಹುಡುಗಿಯ ಕಂಠ ಇಡೀ ತರಗತಿಯಲ್ಲೇ ಚೆಂದ. ಕುಣಿಯಲು ಹೇಳಿದರೆ ಮಾತ್ರ ಎಡಗಾಲು ಯಾವುದು, ಬಲಗಾಲು ಯಾವುದು ಎಂದು ಕೆಳಗೆ ನೋಡುತ್ತಾಳೆ.

"ನೀರು ಏರ್ತಾ ಉಂಟು" ಎಂದು ಪೂವಮ್ಮ ಹೇಳಿದ ಕೂಡಲೇ ಆ ತಾಯಿ ಕೂಗಬೇಕು. ರಾಫಿಯಾ ಕೂಗಲು ಬಾಯಿ ತೆರೆದು ಕಾದಳು. ಮೋಕ್ಷಿತಾ ಹೊಳೆ ಎಲ್ಲಿ ಹುಟ್ಟಿತು, ಎಷ್ಟು ಊರು ದಾಟಿತು, ಅದರ ಸಿಟ್ಟಿಗೆ ಕಾರಣವೇನು ಎಂದು ಮಾತು ಬೆಳೆಸುತ್ತಾ ಹೋದಳು. ಬರೆದ ಸಾಲು ಮೂರು, ಆಡಿದ್ದು ಎಂಟು ನಿಮಿಷ. ಮರುದಿನ ಬೇರೆ ಎಂಟು ನಿಮಿಷ. ಯಕ್ಷಗಾನದಲ್ಲಿ ಮಾತು ಬರೆದಿಟ್ಟದ್ದಲ್ಲ, ಆಗಲೇ ಹುಟ್ಟಬೇಕು. ನಿನ್ನೆ ಆಡಿದ್ದನ್ನೇ ಇವತ್ತು ಆಡಿದವರನ್ನು ಜನ ಹಾಸ್ಯ ಮಾಡುತ್ತಾರೆ.

ಮೂರನೆಯ ದಿನ ಸ್ವರದ ಕೋಣೆಯಲ್ಲಿ ಇಬ್ಬರೂ ಅಭ್ಯಾಸಕ್ಕೆ ಕೂತಾಗ ರಾಫಿಯಾಳ ತಾಳ್ಮೆ ಮುಗಿಯಿತು.

"ಎಂತ ಮಾರಾಯ್ತಿ, ನೀನು ಆ ಒಂದು ಸಾಲು ಹೇಳುವುದೇ ಇಲ್ಲ! ನನ್ನ ಮಗು ಮುಳುಗಿ ಸತ್ತು ಮೂರು ದಿನ ಆಯ್ತು!"

"ದಿನಾ ಒಂದೇ ಮಾತು ಹೇಳ್ಲಿಕ್ಕೆ ನಾನು ಎಂತ ಗಿಳಿಯಾ?" ಮೋಕ್ಷಿತಾ ಎದ್ದು ನಿಂತಳು. "ನಾನು ಹದಿಮೂರು ವರ್ಷ ರಂಗದ ಮೇಲೆ ಮಾತಾಡಿದವಳು. ಒಂದು ದಿನದ ಮಾತು ಇನ್ನೊಂದು ದಿನ ಬಂದದ್ದಿಲ್ಲ! ಸಾಲು ಅಂತೆ, ಸಾಲು! ಹೊಳೆ ಎಂತ ಪುಸ್ತಕ ನೋಡಿಕೊಂಡು ಹರಿಯುತ್ತದಾ?"

ಸಿಟ್ಟು ಬಂದರೆ ಅವಳ ಮಾತು ಪುಂಡುವೇಷದ ಮಾತೇ. ಮೂಲೆಯಲ್ಲಿ ಲೋಲಾಕ್ಷಿ ಮೇಡಂ ಶ್ರುತಿಪೆಟ್ಟಿಗೆ ಹಚ್ಚಿಟ್ಟು ಏನೋ ಬರೆಯುತ್ತಿದ್ದರು. ಅವರು ಪೆನ್ನು ಕೆಳಗಿಟ್ಟರು. ಜಗಳ ಬಿಡಿಸಲು ಬರಲಿಲ್ಲ. ಪೆಟ್ಟಿಗೆಯ ಗುಂಡಿಯನ್ನು ಮೆಲ್ಲ ತಿರುಗಿಸಿ ಶ್ರುತಿಯನ್ನು ಒಂದು ಮನೆ ಇಳಿಸಿದರು. ಮೋಕ್ಷಿತಾಳ ಬೈಗುಳವೂ ಒಂದು ಮನೆ ಇಳಿಯಿತು. ಇನ್ನೊಂದು ಇಳಿಸಿದರು. ಅದೂ ಇಳಿಯಿತು. ಮೇಲಕ್ಕೆ ತಿರುಗಿಸಿದರೆ ಬೈಗುಳ ಮೇಲಕ್ಕೆ ಹೋಯಿತು. ರಾಫಿಯಾಗೆ ಗೊತ್ತಾಗಿ ಅವಳು ಜಗಳ ಮರೆತು ಕಣ್ಣರಳಿಸಿ ನಿಂತಳು.

"ನಿಲ್ಲಿಸ್ಬೇಡ, ಬೈತಾ ಇರು," ಎಂದರು ಮೇಡಂ.

"ಎಂತ ಮೇಡಂ?"

"ನೀನು ಹಾಡ್ಲಿಕ್ಕೆ ಬರುವುದಿಲ್ಲ ಅಂತ ಹೇಳಿದ್ದಲ್ವಾ? ಈಗ ಐದು ನಿಮಿಷ ನೀನು ಬೈದದ್ದು ಪೂರ್ತಿ ಶ್ರುತಿಯಲ್ಲಿ ಉಂಟು. ಒಂದು ಕೂದಲೆಳೆ ಆಚೆ ಈಚೆ ಇಲ್ಲ."

ಭಾಗವತರು ಯಾವ ಶ್ರುತಿಯಲ್ಲಿ ಹಾಡು ನಿಲ್ಲಿಸುತ್ತಾರೋ ಅದೇ ಶ್ರುತಿಯಲ್ಲಿ ವೇಷಧಾರಿ ಮಾತೆತ್ತಬೇಕು. ಮೋಕ್ಷಿತಾ ಅದನ್ನು ಹದಿಮೂರು ವರ್ಷ ಮಾಡಿದ್ದಳು. ಮಾಡುತ್ತಿದ್ದೇನೆ ಎಂದು ಗೊತ್ತಿಲ್ಲದೆ ಮಾಡಿದ್ದಳು. ಮೇಡಂ ವಿವರಿಸಿ ಹೇಳಿದರು: ಹುಡುಗಿಯರೆಲ್ಲ ಸಾಮಾನ್ಯವಾಗಿ ಹಾಡುವುದು ಬಿಳಿ ಐದು ಎಂಬ ಎತ್ತರದ ಶ್ರುತಿಯಲ್ಲಿ. ಶಾಲೆಯಲ್ಲಿ ಅವಳನ್ನೂ ಅಲ್ಲಿಗೇ ಎಳೆದಿದ್ದಾರೆ. ಅವಳ ಕಂಠದ ಮನೆ ಇರುವುದು ಬಿಳಿ ಎರಡರಲ್ಲಿ, ಬಹಳ ಕೆಳಗೆ. ಸ್ವರ ಕೆಟ್ಟದ್ದಲ್ಲ, ವಿಳಾಸ ತಪ್ಪಿತ್ತು.

ಮೋಕ್ಷಿತಾ ಅತ್ತಳು. ಗಟ್ಟಿಯಾಗಿ, ನಾಚಿಕೆಯಿಲ್ಲದೆ, ಮೂಗು ಸೋರಿಸಿಕೊಂಡು ಅತ್ತಳು. ಅಳುವೂ ಶ್ರುತಿಯಲ್ಲೇ ಇದೆ ಎಂದು ರಾಫಿಯಾ ಹೇಳಿದ ಮೇಲೆ ನಕ್ಕಳು.

ಅಲ್ಲಿಂದ ಮುಂದೆ ಬಿಡುವು ಎಂಬುದೇ ಇಲ್ಲ. ಮೊದಲು ಮೇಡಂ ಪೂವಮ್ಮನ ಒಂಟಿ ಹಾಡನ್ನು ಮಾತಿನ ಹಾಗೆ ಹೇಳಿಸಿದರು. ಆಮೇಲೆ ಒಂದೊಂದೇ ಅಕ್ಷರವನ್ನು ಎಳೆಸಿದರು. ತಿಂಗಳೊಳಗೆ ಮಾತು ಹಾಡಾಯಿತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ರಾಫಿಯಾ ಅವಳಿಗೆ ಹಾಡಿನ ತಿರುವು ತಿದ್ದುತ್ತಿದ್ದಳು, ಅವಳು ರಾಫಿಯಾಳ ಕಾಲು ತಿದ್ದುತ್ತಿದ್ದಳು. ಬರೆದ ಸಾಲನ್ನು ಬರೆದ ಹಾಗೆಯೇ ಹೇಳಲೂ ಕಲಿತಳು, ಮನಸ್ಸಿಲ್ಲದ ಮನಸ್ಸಿನಿಂದ.

ಉಳಿದದ್ದು ಒಂದೇ. ಹಾಡು ಬಂದರೆ ಕಾಲು ನಿಲ್ಲುತ್ತಿತ್ತು, ಕಾಲು ಎತ್ತಿದರೆ ಹಾಡು ಬೆನ್ನ ಹಿಂದಿನಿಂದ ಬರಲಿ ಎಂದು ಬಾಯಿ ಮುಚ್ಚಿಕೊಳ್ಳುತ್ತಿತ್ತು. ಮೇಡಂ ಅವಳನ್ನು ಕಾಲೇಜಿನ ಹಿಂದಿನ ಏರಿನಲ್ಲಿ ಹಾಡಿಸುತ್ತಾ ಹತ್ತಿಸಿದರು, ಇಳಿಸಿದರು, ಮತ್ತೆ ಹತ್ತಿಸಿದರು. ಹಾಲಿನ ಸೊಸೈಟಿಗೆ ಹೋಗುವ ಹೆಂಗಸರು ಮೊದಮೊದಲು ಹೆದರಿ, ಆಮೇಲೆ ದಾರಿ ಬಿಟ್ಟುಕೊಟ್ಟು, ಕೊನೆಗೆ ಪಲ್ಲವಿಯನ್ನು ತಾವೂ ಗುನುಗತೊಡಗಿದರು.

ನಾಟಕಕ್ಕೆ ನಾಲ್ಕು ದಿನ ಇರುವಾಗ ಪೂರ್ತಿ ಅಭ್ಯಾಸದಲ್ಲಿ ಮೋಕ್ಷಿತಾಳ ಉಸಿರು ಎರಡನೇ ಚರಣದಲ್ಲಿ ಕೈಕೊಟ್ಟಿತು. ಗಳ ಊರಿ ತಿರುಗುವಾಗ ಸ್ವರ ಮುರಿದು ಕೆಮ್ಮು ಬಂತು. ಕುಶಾಲಪ್ಪ ಸರ್ ಅಂಗೈಯಿಂದ ಹಣೆ ಒತ್ತಿಕೊಂಡರು.

"ರಾಫಿಯಾ, ಆ ಹಾಡಿನ ಹೊತ್ತಿಗೆ ನೀನು ಪರದೆಯ ಪಕ್ಕ ಮೈಕ್ ಹಿಡ್ಕೊಂಡು ನಿಲ್ಲು. ಇವಳ ಸ್ವರ ಬಿದ್ದರೆ ನೀನು ಹಾಡು. ಇವಳು ಬಾಯಿ ಆಡಿಸ್ಲಿ."

ಬಾಯಿ ಆಡಿಸುವುದು! ಮೋಕ್ಷಿತಾ ಗಳವನ್ನು ನೆಲಕ್ಕೆ ಕುಟ್ಟಿದಳು.

"ಬೇಡ ಸರ್. ಬಿದ್ದರೆ ಬಿದ್ದೇ ಹೋಗ್ತೇನೆ. ಊರಿಗೆ ಹೋಗ್ತೇನೆ. ಬಾಯಿ ಮಾತ್ರ ಆಡಿಸುವುದಿಲ್ಲ."

"ನಾಟಕ ನಿನ್ನ ಒಬ್ಬಳದ್ದಲ್ಲ, ಹದಿನೆಂಟು ಜನರದ್ದು," ಎಂದರು ಸರ್. ರಾಫಿಯಾ ಮೈಕ್ ಹಿಡಿದು ನಿಲ್ಲುವುದೆಂದೇ ಆಯಿತು. ಅವರು ಹೇಳಿದ್ದು ಸುಳ್ಳೂ ಅಲ್ಲ.

ನಾಟಕ ಮೂಡುಬಿದಿರೆಯ ಸಭಾಂಗಣದಲ್ಲಿ, ಭಾನುವಾರ ಮಧ್ಯಾಹ್ನ ಮೂರಕ್ಕೆ. ಕೊಕ್ಕಡದಿಂದ ಮಾಯಿಲಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು ಎರಡನೇ ಸಾಲಿನಲ್ಲಿ ಕೂತಿದ್ದ. ಪರೀಕ್ಷಕರು ಮೈಸೂರಿನಿಂದ ಬಂದವರು, ಒಬ್ಬ ಹಿರಿಯ ಹೆಂಗಸು, ಒಬ್ಬ ತರುಣ. ಅವರನ್ನು ಮೊದಲ ಸಾಲಿನ ಬಲತುದಿಯಲ್ಲಿ ಕೂರಿಸಿದ್ದರು. ಅಲ್ಲಿಂದ ಎಡಪಕ್ಕದ ಪರದೆಯ ಸಂದು ಚೆನ್ನಾಗಿ ಕಾಣುತ್ತದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ನೆರೆಯ ದೃಶ್ಯ ಬಂತು. ಮೋಕ್ಷಿತಾ ಬಿದಿರಿನ ಗಳ ಹಿಡಿದು ರಂಗದ ನಡುವೆ ನಿಂತಳು. ಪರದೆಯ ಪಕ್ಕ ರಾಫಿಯಾ ಮೈಕ್ ಹಿಡಿದು ನಿಂತದ್ದು ಕಣ್ಣಂಚಿಗೆ ಕಂಡಿತು. ಚೆಂಡೆಯವನು ಮಳೆ ಹೊಯ್ಯಿಸಿದ. ಅವಳು ಗಳ ಊರಿ, ಹಿಮ್ಮಡಿ ಒತ್ತಿ, ಹೊಟ್ಟೆಯ ಅಡಿಯಿಂದ ಸ್ವರ ಎತ್ತಿದಳು.

"ತಡೆಯಬೇಡ ನೀರೇ ನನ್ನ, ಆಚೆ ದಡದಿ ಕೂಗು ಉಂಟು;
ದೋಣಿ ಹಳತು, ಕೈಯಿ ಹಳತು, ಹೋಗಿ ಬರುವ ಮಾತು ಉಂಟು."

ಕೆಳಗಿನ ಶ್ರುತಿಯ ಆ ದಪ್ಪ ಸ್ವರ ಸಭಾಂಗಣದ ಕೊನೆಯ ಗೋಡೆಗೆ ಹೋಗಿ ತಾಗಿತು. ಎರಡನೇ ಚರಣದಲ್ಲಿ ದೋಣಿ ಸುಳಿಗೆ ಸಿಕ್ಕುತ್ತದೆ. ಅವಳು ಗಳದ ಸುತ್ತ ತಿರುಗಿದಳು, ಒಂದು ಧೀಂಗಿಣ, ಎರಡು, ಮೂರು. ನೆಲಕ್ಕೆ ಬಿದ್ದ ಕಾಲಿನ ಜೊತೆಯೇ ಮುಂದಿನ ಸಾಲು ಬಂತು, ಮುರಿಯದೆ ಬಂತು. ಆಗ ಅವಳಿಗೆ ಹೆದರಿಕೆ ಹೋಗಿ ಖುಷಿಯಾಗತೊಡಗಿತು. ಹಾಡು ಬೆನ್ನ ಹಿಂದೆ ಇರಲಿಲ್ಲ. ಅವಳ ಒಳಗಿನಿಂದಲೇ ಹೊರಟು, ಅವಳ ಕಾಲನ್ನು ಅದೇ ಕುಣಿಸುತ್ತಿತ್ತು. ಸಭಾಂಗಣ ಚಪ್ಪಾಳೆಯಲ್ಲಿ ಮುಳುಗಿದಾಗ ಅವಳು ಬರೆದ ಸಾಲನ್ನು ಬರೆದ ಹಾಗೆಯೇ ಹೇಳಿದಳು, ರಾಫಿಯಾ ಮೈಕ್ ಕೆಳಗಿಟ್ಟು ಓಡಿ ಬಂದು ಸರಿಯಾದ ಹೊತ್ತಿಗೆ ಕೂಗಿದಳು.

ನಾಟಕ ಮುಗಿಯಿತು. ಜನ ಚಪ್ಪಲಿ ಹುಡುಕುತ್ತಾ ಬಾಗಿಲ ಕಡೆ ಹೊರಟರು. ಪರೀಕ್ಷಕರು ರಂಗದ ಮೇಲೆ ಬಂದು ಒಬ್ಬೊಬ್ಬರನ್ನೇ ಮಾತಾಡಿಸಿದರು. ಮೋಕ್ಷಿತಾಳ ಸರದಿ ಬಂದಾಗ ಹಿರಿಯ ಹೆಂಗಸಿನ ಮುಖ ಗಂಟಿಕ್ಕಿತು.

"ಅಭಿನಯ ಚೆನ್ನಾಗಿತ್ತು, ಕುಣಿತ ಇನ್ನೂ ಚೆನ್ನಾಗಿತ್ತು. ಆದರೆ ಹಾಡಿಗೆ ನಾನು ಅಂಕ ಕೊಡಲ್ಲ. ಅದು ನಿನ್ನದಲ್ಲ."

"ನನ್ನದೇ ಮೇಡಂ!"

"ನೋಡಮ್ಮ, ಇಪ್ಪತ್ತೈದು ವರ್ಷದಿಂದ ನಾಟಕ ನೋಡ್ತಿದ್ದೀನಿ. ಅಷ್ಟು ಎಗರಿ ಎಗರಿ ಕುಣಿದು ಹಾಗೆ ಹಾಡೋಕೆ ಯಾರಿಗೂ ಆಗಲ್ಲ. ಪರದೆ ಪಕ್ಕ ಒಂದು ಹುಡುಗಿ ಮೈಕ್ ಹಿಡ್ಕೊಂಡು ನಿಂತಿದ್ದನ್ನ ನಾನೇ ಕಣ್ಣಾರೆ ನೋಡಿದೆ. ನಿಯಮ ನಿಮಗೂ ಗೊತ್ತಿದೆ."

ರಾಫಿಯಾ ಮುಂದೆ ನುಗ್ಗಿದಳು. "ನಾನು ಬಾಯಿ ತೆಗೀಲೇ ಇಲ್ಲ ಮೇಡಂ! ಮೈಕ್ ಆನ್ ಕೂಡ ಮಾಡ್ಲಿಲ್ಲ!"

"ನಿಲ್ಲಿಸಿದ್ದು ನಾನು," ಎಂದರು ಕುಶಾಲಪ್ಪ ಸರ್, ತಲೆ ತಗ್ಗಿಸಿ. "ನನಗೆ ಧೈರ್ಯ ಸಾಕಾಗ್ಲಿಲ್ಲ. ಇವಳು ತಪ್ಪು ಮಾಡ್ಲಿಲ್ಲ."

ಗೆಳತಿಯೂ ಮೇಷ್ಟರೂ ತಮ್ಮವರ ಪರ ಮಾತಾಡುವುದು ಪರೀಕ್ಷಕರಿಗೆ ಹೊಸದಲ್ಲ. ಆ ಹೆಂಗಸು ಪೆನ್ನಿನ ಮುಚ್ಚಳ ತೆಗೆದರು. ಅಷ್ಟರಲ್ಲಿ ರಂಗದ ಕೆಳಗಿನಿಂದ ಮಾಯಿಲಪ್ಪ ಬಾಯಿ ಹಾಕಿದ. ಮಗಳನ್ನು ಉಳಿಸಲು ಬಂದವನು ಎಂದು ಎಲ್ಲರೂ ತಿರುಗಿ ನೋಡಿದರು.

"ನಾನೂ ಹಾಗೇ ಗ್ರಹಿಸಿದ್ದು ಮೇಡಂ," ಎಂದ ಆ ಪುಣ್ಯಾತ್ಮ. "ಇವಳು ಹಾಡಿದ್ದನ್ನು ನಾನು ಇದುವರೆಗೆ ಕೇಳಿದ್ದೇ ಇಲ್ಲ."

ಇಂಥ ಅಪ್ಪನಿದ್ದ ಮೇಲೆ ಶತ್ರು ಬೇರೆ ಯಾಕೆ ಬೇಕು? ಮೋಕ್ಷಿತಾಳಿಗೆ ಕಿವಿಯವರೆಗೆ ಸಿಟ್ಟೇರಿತು. ಮರುಕ್ಷಣವೇ ಆ ಸಿಟ್ಟಿನ ನಡುವಿನಿಂದ ನಗು ಬಂತು. ಇವರೆಲ್ಲ ಹೇಳುತ್ತಿರುವುದೇನು? ಅಷ್ಟು ಚೆಂದದ ಹಾಡು ನಿನ್ನದಾಗಿರಲು ಸಾಧ್ಯವಿಲ್ಲ ಎಂದು. ಬಾಯಿ ಆಡಿಸು ಎಂದವರನ್ನು ಕಂಡಿದ್ದಳು. ಬಾಯಿ ಆಡಿಸಿದೆ ಎಂದು ಸಿಟ್ಟಾಗುವವರನ್ನು ಇವತ್ತೇ ಕಂಡದ್ದು.

ಅವಳು ಕೆನ್ನೆಗೆ ಅಂಟಿಸಿದ್ದ ಮೈಕನ್ನು ಕಿತ್ತು ರಾಫಿಯಾಳ ಕೈಗೆ ಕೊಟ್ಟಳು. "ನೀನು ಕೆಳಗೆ ಹೋಗಿ ಅಪ್ಪನ ಹತ್ತಿರ ನಿಲ್ಲು. ಎಲ್ಲರಿಗೂ ಕಾಣುವ ಹಾಗೆ ಬಾಯಿ ಮುಚ್ಚಿಕೋ." ರಾಫಿಯಾ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದಳು. ಲೋಲಾಕ್ಷಿ ಮೇಡಂ ಹಾರ್ಮೋನಿಯಂ ಕಡೆ ಹೊರಟರು.

"ಬೇಡ ಮೇಡಂ. ಶ್ರುತಿ ನನ್ನ ಹತ್ತಿರ ಉಂಟು."

ಗಳ ಎತ್ತಿಕೊಂಡಳು. ಚೆಂಡೆಯಿಲ್ಲ, ದೀಪದ ಬಣ್ಣಗಳಿಲ್ಲ, ಮುಖದ ಅರ್ಧ ಬಣ್ಣ ಒರೆಸಿಹೋಗಿತ್ತು. ಮೊದಲ ಸಾಲು ಎತ್ತಿದ ಕೂಡಲೇ ಬಾಗಿಲ ಬಳಿಯ ಗದ್ದಲ ನಿಂತಿತು. ಹೆಲ್ಮೆಟ್ ಹಾಕಿಕೊಂಡವರು ಹೆಲ್ಮೆಟ್ ತೆಗೆದರು. ಅವಳು ಏನನ್ನೂ ಬಿಡಲಿಲ್ಲ, ಏನನ್ನೂ ಸುಲಭ ಮಾಡಿಕೊಳ್ಳಲಿಲ್ಲ. ಸುಳಿ ಬಂದಲ್ಲಿ ಮೂರು ಧೀಂಗಿಣ ಹಾಕಬೇಕಿತ್ತು. ಹಾಕಿದ್ದು ಐದು. ಐದನೆಯದು ನೆಲ ಮುಟ್ಟಿದಾಗ ಸ್ವರ ಒಂದು ಕೂದಲೆಳೆಯೂ ಅಲುಗದೆ ಮೇಲಕ್ಕೆ ಹೋಯಿತು, ಅಲ್ಲೇ ನಿಂತಿತು, ಬಹಳ ಹೊತ್ತು ನಿಂತಿತು.

ಹಾಡು ಮುಗಿದಾಗ ಮಾಯಿಲಪ್ಪ ಬಿಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಹಿರಿಯ ಪರೀಕ್ಷಕಿ ಕಾಗದದ ಮೇಲೆ ಏನೋ ಬರೆದು, ಪಕ್ಕದ ತರುಣನಿಗೆ ತೋರಿಸಿ, ಅವನ ಸಹಿ ಹಾಕಿಸಿ, ಪೆನ್ನು ಮುಚ್ಚಿ ಚೀಲಕ್ಕೆ ಹಾಕಿದರು. ಆಮೇಲೆ ರಂಗದಿಂದ ಇಳಿದು ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಹೋಗಿ ಕೂತರು.

"ಇನ್ನೊಂದು ಸಲ ಹಾಡಮ್ಮ."

ಮೋಕ್ಷಿತಾ ಏದುಸಿರು ಬಿಡುತ್ತಾ ಕೇಳಿದಳು, "ಪರೀಕ್ಷೆಗಾ ಮೇಡಂ?"

"ಪರೀಕ್ಷೆ ಮುಗೀತು, ಪಾಸಾದೆ. ಇದು ನನಗೋಸ್ಕರ."

ಬಾಗಿಲ ತನಕ ಹೋದವರೆಲ್ಲ ಹಿಂದೆ ಬಂದು ಕುರ್ಚಿ ಎಳೆದುಕೊಂಡು ಕೂತರು. ಮೋಕ್ಷಿತಾ ಒಂದು ಲೋಟ ನೀರು ಕುಡಿದು ಹಾಡಿದಳು.